ಯಾರೂ ಕೇಳದ ಒಂದು ಪ್ರಶ್ನೆ

ವೈದ್ಯಕೀಯ ವ್ಯಾಸಂಗದ ಕೊನೆಯ ಹಂತದಲ್ಲಿರುವ ಮಗನೋ ಮಗಳೋ ಇರುವ ಕ್ರೈಸ್ತ ಮನೆಗೆ ಇಂದು ಯಾರೇ ಭೇಟಿಯಿತ್ತರೂ ಮಾತು ಮೂರು ಪ್ರಶ್ನೆಗಳ ಸುತ್ತಲೇ ಸುಳಿಯುತ್ತದೆ. ಪಿ.ಜಿ. ಪರೀಕ್ಷೆಗೆ ಕೋಚಿಂಗ್ ಎಲ್ಲಿ? ರ್‍ಯಾಂಕ್ ಎಷ್ಟು ಬರಬಹುದು? ಯಾವ ವಿಭಾಗದಲ್ಲಿ ಸೀಟು ಸಿಗಬಹುದು? ನೆಂಟರು ಕೇಳುವುದೂ ಇದನ್ನೇ, ನೆರೆಯವರು ಕೇಳುವುದೂ ಇದನ್ನೇ. ಭಾನುವಾರದ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತ ಧರ್ಮಗುರುಗಳು ಕೇಳುವುದೂ ಬಹುಮಟ್ಟಿಗೆ ಇದನ್ನೇ. ನಾಲ್ಕನೆಯ ಪ್ರಶ್ನೆಯೊಂದಿದೆ. ನೀನು ಯಾರ ಸಲುವಾಗಿ ವೈದ್ಯನಾಗುತ್ತಿರುವೆ? ಇದನ್ನು ಕೇಳುವವರು ವಿರಳ. ಕೇಳಿದರೆ ಮಕ್ಕಳಿಗೆ ಮುಜುಗರವಾದೀತು, ತಂದೆ ತಾಯಂದಿರಿಗೆ ಬೇಸರವಾದೀತು ಎಂಬ ಸಂಕೋಚ ನಮ್ಮಲ್ಲಿದೆ. ಈ ಸಂಕೋಚವನ್ನು ಕುರಿತೇ ಇಂದಿನ ಲೇಖನ.

ಎಂ.ಬಿ.ಬಿ.ಎಸ್. ವ್ಯಾಸಂಗದ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಹಿಂದಿನವರು ಇದನ್ನು ಹೌಸ್ ಸರ್ಜನ್ಸಿ ಎಂದು ಕರೆಯುತ್ತಿದ್ದರು. 2021ರ ನಿಯಮಗಳ ಪ್ರಕಾರ ಈ ವರ್ಷದ 52 ವಾರಗಳನ್ನು ವಿಭಾಗಗಳ ನಡುವೆ ಹಂಚಲಾಗಿದೆ. ಸಮುದಾಯ ವೈದ್ಯಶಾಸ್ತ್ರಕ್ಕೆ 12 ವಾರ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ 7 ವಾರ, ಜನರಲ್ ಮೆಡಿಸಿನ್‌ಗೆ 6 ವಾರ, ಶಸ್ತ್ರಚಿಕಿತ್ಸೆಗೆ 6 ವಾರ, ಮಕ್ಕಳ ವಿಭಾಗಕ್ಕೆ 3 ವಾರ, ಮನೋರೋಗ ವಿಭಾಗಕ್ಕೆ 2 ವಾರ. ಹೀಗೆ ಸಾಗುತ್ತದೆ ಪಟ್ಟಿ. ನಾಲ್ಕು ವರ್ಷಕ್ಕೂ ಮಿಕ್ಕಿ ಪುಸ್ತಕದಲ್ಲಿ ಕಂಡ ರೋಗವು ಈಗ ಮನುಷ್ಯನ ಮುಖ ಹೊತ್ತು ಎದುರಿಗೆ ಬಂದು ಮಲಗುತ್ತದೆ. ಹೆರಿಗೆ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಹುಟ್ಟಿದ ಕೂಸು ಮೊದಲ ಬಾರಿ ಅಳುವುದನ್ನು ಕೇಳುವುದೂ, ತುರ್ತು ಚಿಕಿತ್ಸಾ ಘಟಕದ ಹೊರಗೆ ಕಾದು ಕುಳಿತ ಹೆಂಡತಿಗೆ ಗಂಡ ತೀರಿಕೊಂಡನೆಂದು ತಿಳಿಸುವುದೂ, ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಸಾಲಾಗಿ ನಿಂತ ಬಾಣಂತಿಯರ ರಕ್ತಹೀನತೆಯನ್ನು ಕಣ್ಣ ರೆಪ್ಪೆ ಬಿಡಿಸಿ ನೋಡುವುದೂ ಇದೇ ವರ್ಷದಲ್ಲಿ.

ದುರ್ದೈವವೆಂದರೆ ಇದೇ ವರ್ಷವನ್ನು ನೀಟ್-ಪಿ.ಜಿ. ಪರೀಕ್ಷೆಯ ಸಿದ್ಧತೆ ನುಂಗುತ್ತಿದೆ. 2017ರಿಂದ ಕಡ್ಡಾಯವಾಗಿರುವ ಈ ಪರೀಕ್ಷೆಯಲ್ಲಿ ಮೂರೂವರೆ ಗಂಟೆಗಳಲ್ಲಿ 200 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಕೆಲವು ರಾಷ್ಟ್ರೀಯ ಸಂಸ್ಥೆಗಳಿಗೆ ಪ್ರತ್ಯೇಕ ಪರೀಕ್ಷೆಯಿರುವುದನ್ನು ಬಿಟ್ಟರೆ ಎಂ.ಡಿ., ಎಂ.ಎಸ್. ವ್ಯಾಸಂಗದ ಬಾಗಿಲು ತೆರೆಯುವುದು ಈ ಒಂದೇ ಕೀಲಿಯಿಂದ. ಹೀಗಾಗಿ ವಾರ್ಡಿನಲ್ಲಿ ನಿಂತ ಅನೇಕ ಇಂಟರ್ನ್‌ಗಳ ಮನಸ್ಸು ಕೈಯಲ್ಲಿರುವ ಮೊಬೈಲಿನ ಪ್ರಶ್ನೆಮಾಲೆಯಲ್ಲಿರುತ್ತದೆ. ಹಾಜರಿಗೆ ಸಹಿ ಹಾಕಿ ಗ್ರಂಥಾಲಯಕ್ಕೆ ಓಡುವುದು, ಸಮುದಾಯ ವೈದ್ಯಶಾಸ್ತ್ರದ ಆ 12 ವಾರಗಳನ್ನು ಓದಿಗೆ ದೊರೆತ ರಜೆಯೆಂದು ಭಾವಿಸುವುದು ಸಾಮಾನ್ಯವಾಗಿದೆ. ಇದಕ್ಕೆ ವಿದ್ಯಾರ್ಥಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ರೋಗಿಯ ಬಳಿ ಕಳೆದ ಒಂದು ಗಂಟೆಗೆ ಯಾವ ಅಂಕವನ್ನೂ ಕೊಡದ ವ್ಯವಸ್ಥೆಯಲ್ಲಿ ಅವರು ಇನ್ನೇನು ಮಾಡಿಯಾರು?

ಅಮೆರಿಕದಲ್ಲಿ ಈ ಹಂತ ಬೇರೊಂದು ರೀತಿಯಲ್ಲಿ ನಡೆಯುತ್ತದೆ. ನಮ್ಮ ಧರ್ಮಕೇಂದ್ರಗಳಿಂದಲೂ ಅಲ್ಲಿಗೆ ಹೋಗಿರುವ, ಹೋಗಲು ಹವಣಿಸುವ ಯುವ ವೈದ್ಯರಿರುವುದರಿಂದ ಅದನ್ನು ತಿಳಿಯುವುದು ಅಪ್ರಸ್ತುತವಾಗಲಾರದು. ಆ ದೇಶದ ವೈದ್ಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹೊರದೇಶಗಳಲ್ಲಿ ವೈದ್ಯಕೀಯ ಪದವಿ ಪಡೆದವರು. ಅಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಯು ಒಂದೊಂದು ವಿಭಾಗದಲ್ಲಿ ಸರದಿಯಂತೆ ದುಡಿಯುತ್ತ, ತನ್ನ ಆಯ್ಕೆಯ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಾನೆ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ ಸಂದರ್ಶನಗಳು. 2020ರ ಕೊರೋನಾ ಪಿಡುಗಿನ ನಂತರ ಇವುಗಳಲ್ಲಿ ಬಹುಪಾಲು ದೂರದಿಂದಲೇ ಪರದೆಯ ಮೇಲೆ ನಡೆಯುತ್ತಿವೆ. ಬಳಿಕ ವಿದ್ಯಾರ್ಥಿಯು ತನಗೆ ಹಿಡಿಸಿದ ಆಸ್ಪತ್ರೆಗಳನ್ನು ಕ್ರಮವಾಗಿ ಬರೆದುಕೊಡುತ್ತಾನೆ, ಆಸ್ಪತ್ರೆಗಳೂ ತಮಗೆ ಹಿಡಿಸಿದ ವಿದ್ಯಾರ್ಥಿಗಳ ಪಟ್ಟಿ ಕೊಡುತ್ತವೆ. 1952ರಿಂದ ನಡೆದುಬಂದಿರುವ ಮ್ಯಾಚ್ ಎಂಬ ವ್ಯವಸ್ಥೆ ಎರಡೂ ಪಟ್ಟಿಗಳನ್ನು ಹೊಂದಿಸುತ್ತದೆ. ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಫಲಿತಾಂಶ. ಬಂದ ಸ್ಥಾನವನ್ನು ಒಪ್ಪಿಕೊಳ್ಳಲೇಬೇಕು.

ಆ ಸಂದರ್ಶನಗಳಲ್ಲಿ ಕೇಳುವ ಪ್ರಶ್ನೆಗಳನ್ನು ಗಮನಿಸಬೇಕು. ಈ ವಿಭಾಗವನ್ನೇ ಏಕೆ ಆರಿಸಿದಿರಿ? ನಿಮ್ಮ ಮನಸ್ಸಿನಲ್ಲಿ ಉಳಿದಿರುವ ಒಬ್ಬ ರೋಗಿಯ ಬಗ್ಗೆ ಹೇಳಿ. ನಿಮ್ಮ ಹಿರಿಯ ವೈದ್ಯರ ನಿರ್ಧಾರ ತಪ್ಪೆಂದು ಕಂಡಾಗ ಏನು ಮಾಡಿದಿರಿ? ಅಲ್ಲಿನ ಪರವಾನಗಿ ಪರೀಕ್ಷೆಯ ಮೊದಲ ಹಂತದಲ್ಲಿ 2022ರ ಜನವರಿಯಿಂದ ಅಂಕಗಳನ್ನು ಕೈಬಿಟ್ಟು ತೇರ್ಗಡೆ, ಅನುತ್ತೀರ್ಣ ಎಂದಷ್ಟೇ ತಿಳಿಸುತ್ತಾರೆ. ಆದರೂ ಆ ಪದ್ಧತಿಯನ್ನು ಹಾಡಿ ಹೊಗಳಬೇಕಾದ್ದಿಲ್ಲ. ಉತ್ತರಗಳನ್ನು ಬಾಯಿಪಾಠ ಮಾಡಿಸುವ ವೃತ್ತಿಪರರು ಅಲ್ಲಿಯೂ ಇದ್ದಾರೆ. ಸೇವೆ, ಕರುಣೆ ಎಂಬ ಮಾತುಗಳನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಬಹುದು. ಆದರೂ ಒಂದು ಸಂಗತಿಯನ್ನು ಒಪ್ಪಬೇಕು. ಅಲ್ಲಿನ ಯುವ ವೈದ್ಯನಿಗೆ, ಕಪಟದಿಂದಲಾದರೂ ಸರಿಯೆ, ಆ ಪ್ರಶ್ನೆಗೆ ಒಮ್ಮೆ ಮುಖ ಕೊಡದೆ ಗತ್ಯಂತರವಿಲ್ಲ. ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ಪ್ಲಸ್ ಟೂ ಮುಗಿಸಿದಂದಿನಿಂದ ತಜ್ಞವೈದ್ಯನಾಗುವವರೆಗೆ ಯಾರೊಬ್ಬರೂ ಅವನನ್ನು ಕೂರಿಸಿ ಇದನ್ನು ಕೇಳದೆಯೇ ಇರಬಹುದು.

ಹಿಂದೆ ನಮ್ಮಲ್ಲಿಯೂ ಕೇಳುವ ಸಂಸ್ಥೆಗಳಿದ್ದವು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಲಿಖಿತ ಪರೀಕ್ಷೆಯ ಬಳಿಕ ಅಭ್ಯರ್ಥಿಗಳನ್ನು ಕರೆಸಿ ಸಂದರ್ಶಿಸುತ್ತಿತ್ತು. ಮಿಷನ್ ಆಸ್ಪತ್ರೆಗಳಲ್ಲಿ ದುಡಿಯುವ ಮನಸ್ಸು ಯಾರಿಗಿದೆ ಎಂಬುದನ್ನು ಅರಿಯುವುದು ಅದರ ಉದ್ದೇಶವಾಗಿತ್ತು. ಆದರೆ 2020ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ವೆಲ್ಲೂರಿನ ಸಂಸ್ಥೆಯ ಪ್ರಕರಣದಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಪರೀಕ್ಷೆ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಈ ತೀರ್ಪಿನಿಂದ ನೊಂದವರು ನಮ್ಮಲ್ಲಿ ಬಹಳ. ಆದರೂ ಇನ್ನೊಂದು ಮುಖವನ್ನು ನೋಡದಿರುವುದು ಪ್ರಾಮಾಣಿಕತೆಯಾಗದು. ಸಂದರ್ಶನವೆಂಬ ಹೆಸರಿನಲ್ಲಿ ಶಿಫಾರಸು ನುಸುಳುವುದನ್ನೂ, ದೇಣಿಗೆ ಕೈ ಬದಲಾಯಿಸುವುದನ್ನೂ ಈ ದೇಶ ಅಲ್ಲಲ್ಲಿ ಕಂಡಿದೆ. ಇಂಗ್ಲಿಷ್ ಬಲ್ಲ ಪಟ್ಟಣದ ಮಕ್ಕಳು ಸಂದರ್ಶಕರ ಮುಂದೆ ಮಿಂಚಿದಾಗ, ಕನ್ನಡ ಶಾಲೆಯಲ್ಲಿ ಓದಿದ ಕೂಲಿಕಾರನ ಮಗಳು ತಲೆ ತಗ್ಗಿಸಿ ಕುಳಿತದ್ದೂ ಉಂಟು. ಅಂಥ ಮಗಳಿಗೆ ಲಿಖಿತ ಪರೀಕ್ಷೆಯೇ ರಕ್ಷಣೆ. ಆದುದರಿಂದ ಸಂದರ್ಶನವನ್ನು ಮರಳಿ ತನ್ನಿ ಎಂದು ನಾನು ವಾದಿಸುತ್ತಿಲ್ಲ. ಪರೀಕ್ಷೆ ನಡೆಸುವವರು ಕೇಳಲಾಗದ ಪ್ರಶ್ನೆಯನ್ನು ನಾವು ಕೇಳಬೇಕು, ನಾವೆಂದರೆ ಮನೆಯವರು, ಧರ್ಮಸಭೆಯವರು, ಎಂಬುದಷ್ಟೇ ನನ್ನ ವಾದ.

ಇಲ್ಲಿ ತತ್ವಶಾಸ್ತ್ರದ ಹಳೆಯ ವಿಚಾರವೊಂದು ನಮಗೆ ದಾರಿ ತೋರಬಲ್ಲದು. ವೈದ್ಯನ ಮಗನಾಗಿ ಹುಟ್ಟಿದ ಅರಿಸ್ಟಾಟಲ್ ತನ್ನ ಮೆಟಾಫಿಸಿಕ್ಸ್ ಗ್ರಂಥದ ಆರಂಭದಲ್ಲಿಯೇ, ವೈದ್ಯನು ಗುಣಪಡಿಸುವುದು ಮನುಷ್ಯ ಎಂಬ ಸಾಮಾನ್ಯ ಕಲ್ಪನೆಯನ್ನಲ್ಲ, ಕಲ್ಲಿಯಸನನ್ನೋ ಸಾಕ್ರಟೀಸನನ್ನೋ, ಅಂದರೆ ಹೆಸರುಳ್ಳ ಒಬ್ಬ ವ್ಯಕ್ತಿಯನ್ನು ಎಂಬ ಆಶಯವನ್ನು ಮುಂದಿಡುತ್ತಾನೆ. ಶಾಸ್ತ್ರವನ್ನಷ್ಟೇ ಬಲ್ಲವನು, ವ್ಯಕ್ತಿಯನ್ನು ಅರಿಯದಿದ್ದರೆ, ಚಿಕಿತ್ಸೆಯಲ್ಲಿ ಎಡವುತ್ತಾನೆಂಬುದು ಅವನ ಅಭಿಪ್ರಾಯ. ಸಾಮಾನ್ಯ ತತ್ವವನ್ನು ವಿಶೇಷ ಸಂದರ್ಭಕ್ಕೆ ಸರಿಯಾಗಿ ಅನ್ವಯಿಸುವ ಸದ್ಗುಣವನ್ನೇ ಸಂತ ಥಾಮಸ್ ಅಕ್ವಿನಾಸರು ವಿವೇಕವೆಂದು ಕರೆದರು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬರುವ ರೋಗಿ ನಲವತ್ತೈದು ವರ್ಷದ ಒಬ್ಬ ಗಂಡಸು. ಅವನಿಗೆ ಎದೆನೋವು ಇದೆ, ಹೆಸರಿಲ್ಲ. ವಾರ್ಡಿನಲ್ಲಿರುವ ರೋಗಿಗೆ ಹೆಸರಿದೆ, ಸಾಲವಿದೆ, ಮದುವೆಗೆ ಬಂದ ಮಗಳಿದ್ದಾಳೆ. ನಾಳೆ ಮಾತ್ರೆ ಕೊಳ್ಳಲು ಹಣವಿಲ್ಲವೆಂದು ಹೇಳಲು ನಾಚಿಕೆಯೂ ಇದೆ. ಮೊದಲನೆಯವನನ್ನು ಗುಣಪಡಿಸಲು ಬೇಕಾದ ಜ್ಞಾನ ಅತ್ಯಗತ್ಯ. ಎರಡನೆಯವನನ್ನು ಗುಣಪಡಿಸಲು ಬೇಕಾದ ವಿವೇಕ ಆ 52 ವಾರಗಳಲ್ಲಿ, ಹಾಸಿಗೆಯ ಪಕ್ಕದಲ್ಲಿ ನಿಂತು ಸಂಪಾದಿಸಬೇಕಾದದ್ದು. ಯಾರ ಸಲುವಾಗಿ ಎಂಬ ನಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ದೊರೆಯಬೇಕು. ಸದಯ ಸಮಾರಿತನ ಸಾಮತಿಯಲ್ಲಿ ಯಾಜಕನಿಗೂ ಲೇವಿಯನಿಗೂ ಧರ್ಮಶಾಸ್ತ್ರ ತಿಳಿದಿತ್ತು. ಹತ್ತಿರ ಹೋಗಿ ಗಾಯಕ್ಕೆ ಎಣ್ಣೆ ಸುರಿದವನು ಮೂರನೆಯವನು. ಈ ಕಥೆಯನ್ನು ನಮಗೆ ಉಳಿಸಿಕೊಟ್ಟ ಲೂಕರನ್ನು ಪರಂಪರೆಯು ವೈದ್ಯರೆಂದು ಗುರುತಿಸಿರುವುದು ಅರ್ಥಪೂರ್ಣ.

ಇನ್ನು ವಿಭಾಗದ ಆಯ್ಕೆಯ ಮಾತು. ಉನ್ನತ ರ್‍ಯಾಂಕ್ ಪಡೆದವರು ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಮುಂತಾದ ಸೀಟುಗಳನ್ನು ಮೊದಲು ಆರಿಸಿಕೊಳ್ಳುತ್ತಾರೆಂಬುದು ಎಲ್ಲರೂ ಬಲ್ಲ ವಿಷಯ. ರೇಡಿಯಾಲಜಿ ಆರಿಸಿದವನು ಸೇವೆಗೆ ಬೆನ್ನು ತೋರಿದನೆಂದೂ, ಹಳ್ಳಿಗೆ ಹೋದವನು ಮಾತ್ರ ಕ್ರೈಸ್ತ ವೈದ್ಯನೆಂದೂ ಹೇಳುವ ಪ್ರವಚನಗಳನ್ನು ನಾನು ಒಪ್ಪುವುದಿಲ್ಲ. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು ಈ ದೇಶದಲ್ಲಿ ರಚನೆಯಾದದ್ದು 1994ರಲ್ಲಿ. ಸ್ಕ್ಯಾನಿಂಗ್ ಯಂತ್ರದ ಮುಂದೆ ಕುಳಿತವನ ಅಂತಃಸಾಕ್ಷಿ ಎಷ್ಟು ಹೆಣ್ಣುಕೂಸುಗಳ ಜೀವವನ್ನು ಕಾಯಬಲ್ಲದೆಂದು ಯೋಚಿಸಿ! ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಕೇಳುವ ಸಹೋದ್ಯೋಗಿಗೆ ಇಲ್ಲವೆನ್ನಲು ಯಾವ ವಿಭಾಗದಲ್ಲಾದರೂ ಧೈರ್ಯ ಬೇಕು. ಪ್ರಶ್ನೆ ಇರುವುದು ಆಯ್ಕೆಯ ಕಾರಣದಲ್ಲಿ. ರ್‍ಯಾಂಕ್ ಬಂದಿತು, ಅದಕ್ಕೆ ಸಿಗುವ ಅತಿ ಬೆಲೆಯ ಸೀಟನ್ನು ಹಿಡಿದೆ ಎನ್ನುವುದು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವವನ ತರ್ಕ. ನನ್ನ ಕೈಗೆ ಯಾವ ಕೌಶಲವಿದೆ, ನನ್ನ ಸುತ್ತಲಿನವರಿಗೆ ಏನು ಕೊರತೆಯಿದೆ, ಇವೆರಡೂ ಎಲ್ಲಿ ಕೂಡುತ್ತವೆ ಎಂದು ಹುಡುಕುವುದು ದೈವಕರೆಯನ್ನು ಆಲಿಸುವವನ ತರ್ಕ. ಹೀಗೆ ಹುಡುಕಿದವನು ರೇಡಿಯಾಲಜಿಗೇ ಬಂದು ಸೇರಬಹುದು. ಮನೋರೋಗ ವಿಭಾಗಕ್ಕೋ, ಸಾವಿನಂಚಿನಲ್ಲಿರುವವರ ನೋವನ್ನು ಶಮನಗೊಳಿಸುವ ಉಪಶಾಮಕ ಚಿಕಿತ್ಸೆಗೋ ಬಂದು ತಲುಪಲೂಬಹುದು.

ಹೆರಿಗೆ ಮತ್ತು ಸ್ತ್ರೀರೋಗ ವಿಭಾಗವನ್ನು ಆರಿಸುವ ಕಥೋಲಿಕ ವಿದ್ಯಾರ್ಥಿನಿಯ ಮುಂದೆ ಇನ್ನೂ ಕಠಿಣವಾದ ಸಂದಿಗ್ಧವಿದೆ. ಗರ್ಭಪಾತಕ್ಕೆ ಕಾನೂನಿನ ಅವಕಾಶ ನಮ್ಮಲ್ಲಿ 1971ರಿಂದಲೇ ಇದೆ; 2021ರ ತಿದ್ದುಪಡಿ ಅದನ್ನು ವಿಸ್ತರಿಸಿತು. ಅಮೆರಿಕದಲ್ಲಿ ಅಂತಃಸಾಕ್ಷಿಯ ಆಕ್ಷೇಪಕ್ಕೆ ರಕ್ಷಣೆ ನೀಡುವ ಕಾನೂನು 1973ರಲ್ಲಿಯೇ ಬಂದಿತು. ಅದನ್ನು ಚರ್ಚ್ ತಿದ್ದುಪಡಿ ಎನ್ನುತ್ತಾರೆ. ಆ ಹೆಸರು ಬಂದದ್ದು ಫ್ರ್ಯಾಂಕ್ ಚರ್ಚ್ ಎಂಬ ಸೆನೆಟರಿಂದ. ಅಲ್ಲಿನ ಈ ವಿಭಾಗದ ತರಬೇತಿಯಲ್ಲಿ ಧಾರ್ಮಿಕ ಅಥವಾ ನೈತಿಕ ಕಾರಣಕ್ಕೆ ಗರ್ಭಪಾತದ ಕಲಿಕೆಯಿಂದ ಹೊರಗುಳಿಯಲು ಅವಕಾಶವಿದೆ. ಸಂದರ್ಶನದಲ್ಲಿ ಇದನ್ನು ಹೇಳಬೇಕೇ, ಹೇಳಿದರೆ ಸೀಟು ಕೈತಪ್ಪೀತೇ ಎಂದು ಅಲ್ಲಿನ ವಿದ್ಯಾರ್ಥಿಗಳು ತಳಮಳಿಸುತ್ತಾರೆ. ನಮ್ಮಲ್ಲಿ ಸಂದರ್ಶನವೇ ಇಲ್ಲದ ಕಾರಣ ಈ ಮಾತು ಏಳುವುದು ವಿಭಾಗಕ್ಕೆ ಸೇರಿದ ಮೇಲೆ, ಬಹುಶಃ ನಡುರಾತ್ರಿಯ ಡ್ಯೂಟಿಯಲ್ಲಿ, ಒಬ್ಬಂಟಿಯಾಗಿ. ಆದ್ದರಿಂದ ಸೇರಿದ ಮೊದಲ ವಾರದಲ್ಲಿಯೇ ಮುಖ್ಯಸ್ಥರ ಬಳಿ ಹೋಗಿ ವಿನಯದಿಂದ, ಸ್ಪಷ್ಟವಾಗಿ ತನ್ನ ನಿಲುವನ್ನು ತಿಳಿಸುವುದು ಲೇಸು. ಉಳಿದ ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲದಂತೆ ದುಡಿಯುವವಳ ನಿಲುವಿಗೆ ಗೌರವ ಸಿಗುವ ಸಂಭವ ಹೆಚ್ಚು. ಸಂಕಟದಲ್ಲಿ ಬಂದ ತಾಯಿಯನ್ನು ತಿರಸ್ಕಾರದಿಂದ ಕಾಣುವ ಅಧಿಕಾರವನ್ನಂತೂ ಅಂತಃಸಾಕ್ಷಿ ಯಾರಿಗೂ ಕೊಡುವುದಿಲ್ಲ.

ಮಹತ್ವಾಕಾಂಕ್ಷೆ ಪಾಪವೇ ಎಂದು ಕೇಳುವ ವಿದ್ಯಾರ್ಥಿಗಳಿಗೆ ಎರಡು ಹೆಸರುಗಳನ್ನು ನೆನಪಿಸಬಯಸುತ್ತೇನೆ. ನೇಪಲ್ಸ್ ನಗರದ ವೈದ್ಯ ಸಂತ ಜೋಸೆಫ್ ಮೊಸ್ಕಾತಿ ಹುಟ್ಟಿದ್ದು 1880ರಲ್ಲಿ. 1903ರಲ್ಲಿ ವೈದ್ಯ ಪದವಿ ಪಡೆದ ಇವರು ಆಸ್ಪತ್ರೆಯ ಹುದ್ದೆಗಳನ್ನು ಗಳಿಸಿದ್ದು ಸ್ಪರ್ಧಾ ಪರೀಕ್ಷೆಗಳಲ್ಲಿ ಗೆದ್ದು. ಅದೇ ವಿದ್ವತ್ತಿನಿಂದ ಪಾಠ ಹೇಳಿದರು, ಸಂಶೋಧನೆ ನಡೆಸಿದರು, ಬಡವರಿಂದ ಶುಲ್ಕ ಪಡೆಯದೆ ಚಿಕಿತ್ಸೆ ನೀಡಿದರು. 1927ರ ಏಪ್ರಿಲ್ 12ರಂದು ರೋಗಿಗಳನ್ನು ನೋಡುತ್ತಿದ್ದ ದಿನವೇ ಕುರ್ಚಿಯಲ್ಲಿ ಕುಳಿತಂತೆ ಕಣ್ಮುಚ್ಚಿದರು. 1987ರಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ ಕುರಿತ ಧರ್ಮಾಧ್ಯಕ್ಷರ ಸಭೆ ರೋಮ್‌ನಲ್ಲಿ ನಡೆಯುತ್ತಿದ್ದಾಗಲೇ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಸಂತರೆಂದು ಘೋಷಿಸಿದರು.

ಎರಡನೆಯವರು ಡಾ. ಮೇರಿ ಗ್ಲೌರಿ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವೈದ್ಯವೃತ್ತಿಯಲ್ಲಿ ಹೆಸರು ಮಾಡಿದ್ದ ಇವರು 1915ರಲ್ಲಿ ಒಂದು ಕಿರುಹೊತ್ತಿಗೆಯಿಂದ ಭಾರತದ ಮಹಿಳೆಯರಿಗೆ ವೈದ್ಯೆಯರಿಲ್ಲದ ದುಃಸ್ಥಿತಿಯನ್ನು ತಿಳಿದರು. ಅಂದೇ ಹೊರಟುಬಿಡಲಿಲ್ಲ; 1919ರಲ್ಲಿ ಎಂ.ಡಿ. ಪದವಿ ಗಳಿಸಿ, 1920ರಲ್ಲಿ ಗುಂಟೂರಿಗೆ ಬಂದು ಧರ್ಮಭಗಿನಿಯಾದರು. ಬಡವರಿಗೆ ಕಡಿಮೆ ಓದಿದ ವೈದ್ಯರು ಸಾಕೆಂದು ಅವರು ಭಾವಿಸಲಿಲ್ಲ. ಸಾವಿರಾರು ಮಂದಿಯನ್ನು ಉಪಚರಿಸಿ, 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿ, 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬ ಅವರ ಕನಸು 1963ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಾಗಿ ನನಸಾಯಿತು. ಇತ್ತ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಆಲದ ಮರದಡಿ ಆರಂಭಿಸಿದ ಔಷಧೋಪಚಾರ 1999ರಲ್ಲಿ ವೈದ್ಯಕೀಯ ಕಾಲೇಜಿನವರೆಗೆ ಬೆಳೆಯಿತು. ಕಾಲೇಜು ಕಟ್ಟಿದವರಿಗೆ ಯಾರ ಸಲುವಾಗಿ ಎಂಬುದು ತಿಳಿದಿತ್ತು. ಅಲ್ಲಿ ಓದಿ ಹೊರಬರುವವರಿಗೂ ಅದು ತಿಳಿದಿರಬೇಡವೇ?

ಆದರೆ ಪ್ರಶ್ನೆ ಕೇಳುವ ನಮಗೂ ಕರ್ತವ್ಯಗಳಿವೆ. ಮೊದಲನೆಯದು ತಂದೆ ತಾಯಂದಿರದು. ಮನೆ, ತೋಟ ಅಡವಿಟ್ಟು ದುಬಾರಿ ಸೀಟು ಕೊಡಿಸಿದ ಮೇಲೆ ಬಡವರ ಸೇವೆ ಮಾಡೆಂದು ಮಗನಿಗೆ ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಸಾಲದ ಪತ್ರವೇ ಅವನ ಪರವಾಗಿ ಉತ್ತರ ಬರೆದಾಗಿರುತ್ತದೆ. 2023ರಲ್ಲಿ ನೀಟ್-ಪಿ.ಜಿ. ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದಾಗ, ಹಣವುಳ್ಳವರಿಗೆ ದಾರಿ ಅಗಲವಾಯಿತೆಂಬ ಟೀಕೆ ಕೇಳಿಬಂದುದನ್ನು ಮರೆಯಬಾರದು. ಒಂದೆರಡು ವರ್ಷ ಮಿಷನ್ ಆಸ್ಪತ್ರೆಯಲ್ಲಿ ದುಡಿದು, ಅನುಭವ ಪಡೆದು, ಮತ್ತೆ ಪರೀಕ್ಷೆ ಬರೆಯುವುದು ಮಾನಹಾನಿಯ ಸಂಗತಿಯಲ್ಲ. ಮಗಳಿಗೆ ಸೀಟು ಸಿಗದ ವರ್ಷ ಅವಳೆದುರು ನೆರೆಮನೆಯವನ ರ್‍ಯಾಂಕನ್ನು ಎತ್ತಿ ಆಡದಿರುವ ಕರುಣೆಯಾದರೂ ಮನೆಯಲ್ಲಿರಲಿ. ಪರೀಕ್ಷೆಯಲ್ಲಿ ಸೋತವರನ್ನು ದೇವರು ಕೈಬಿಟ್ಟಿದ್ದಾನೆಂಬ ಭಾವನೆ ಅವರ ಪಾಲಿಗೆ ಪ್ರಾಣಾಂತಿಕವಾಗಬಹುದು.

ಎರಡನೆಯದು ಸಂಸ್ಥೆಗಳನ್ನು ನಡೆಸುವ ನಮ್ಮದು. ನಿದ್ದೆಗೆಟ್ಟ ದೇಹಕ್ಕೆ ತ್ಯಾಗದ ಬೋಧನೆ ಸಲ್ಲದು. ಅಮೆರಿಕದಲ್ಲಿ 2003ರಿಂದ ರೆಸಿಡೆಂಟ್ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆಗಳ ಮಿತಿಯಿದೆ. ನಮ್ಮಲ್ಲಿ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತ ರಾಷ್ಟ್ರೀಯ ಕಾರ್ಯಪಡೆಯು 2024ರಲ್ಲಿ 74 ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಅತ್ಯಾಚಾರಕ್ಕೀಡಾಗಿ ಕೊಲೆಯಾದುದು ದೇಶವನ್ನೇ ನಡುಗಿಸಿತು. ಕ್ರೈಸ್ತ ಹೆಸರು ಹೊತ್ತ ಆಸ್ಪತ್ರೆಯ ಮೊದಲ ಸಾಕ್ಷ್ಯವು ಯುವ ವೈದ್ಯರಿಗೆ ಮಲಗಲು ಬಾಗಿಲಿಗೆ ಚಿಲಕವಿರುವ ಕೋಣೆ, ವಾರಕ್ಕೊಂದು ಬಿಡುವು, ಸಲ್ಲಬೇಕಾದ ವೇತನ ಇವುಗಳಲ್ಲಿ ಕಾಣಬೇಕು.

ಮೂರನೆಯದು ಧರ್ಮಕೇಂದ್ರದ್ದು. ಅಕ್ಟೋಬರ್ 18 ಸಂತ ಲೂಕರ ಹಬ್ಬ. ಫೆಬ್ರವರಿ 11 ವಿಶ್ವ ರೋಗಿಗಳ ದಿನ. ಇವೆರಡರಲ್ಲಿ ಒಂದು ದಿನ ಧರ್ಮಕೇಂದ್ರದ ವೈದ್ಯ, ದಾದಿ ವಿದ್ಯಾರ್ಥಿಗಳನ್ನೂ ಹಿರಿಯ ವೈದ್ಯರನ್ನೂ ಒಂದೆಡೆ ಸೇರಿಸಬಹುದು. ಸನ್ಮಾನ, ಶಾಲು, ಹಾರ ಬೇಡ. ನಿವೃತ್ತ ವೈದ್ಯರೊಬ್ಬರು ತಾವು ಹಣಕ್ಕೆ ಇಲ್ಲವೆಂದ ಒಂದು ಸಂದರ್ಭವನ್ನೂ, ತಾವು ಉಳಿಸಲಾಗದ ಒಬ್ಬ ರೋಗಿಯನ್ನೂ ಕುರಿತು ಮಾತನಾಡಿದರೆ ಸಾಕು. ಆ ಮೇಲೆ ಕಿರಿಯರು ಕೇಳಲಿ. ಪಿ.ಜಿ. ಮುಗಿಸಿ ಮಿಷನ್ ಆಸ್ಪತ್ರೆಗೆ ಹೋಗಬಯಸುವ ಒಬ್ಬ ವಿದ್ಯಾರ್ಥಿಯ ಶುಲ್ಕದ ಹೊರೆಯನ್ನು ಧರ್ಮಪ್ರಾಂತ್ಯದ ನಾಲ್ಕು ಶ್ರೀಮಂತ ಧರ್ಮಕೇಂದ್ರಗಳು ಸೇರಿ ಹೊರಬಹುದು. ಹಬ್ಬದ ದೀಪಾಲಂಕಾರಕ್ಕೆ ಖರ್ಚಾಗುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿಟ್ಟರೆ ಯಾವ ಸಂತರೂ ಮುನಿಸಿಕೊಳ್ಳಲಾರರು.

ಕೊನೆಯದಾಗಿ, ವಾರ್ಡಿನಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಓದಲೇಬೇಕು, ಪರೀಕ್ಷೆಯನ್ನು ಗೆಲ್ಲಲೇಬೇಕು. ಅರೆಬರೆ ಕಲಿತ ವೈದ್ಯನ ಪ್ರಾರ್ಥನೆಯಿಂದ ರೋಗಿಗೆ ಆಗುವ ಉಪಕಾರ ಅಷ್ಟಕ್ಕಷ್ಟೆ. ಆದರೆ ಪ್ರತಿದಿನ ಡ್ಯೂಟಿ ಮುಗಿಸಿ ಹೊರಡುವ ಮುನ್ನ ಒಬ್ಬ ರೋಗಿಯ ಹಾಸಿಗೆಯ ಬಳಿ ಐದು ನಿಮಿಷ ಕುಳಿತುಕೊಳ್ಳಿ. ಅವನ ಹೆಸರು, ಊರು, ಮನೆಯಲ್ಲಿ ಅವನ ದಾರಿ ಕಾಯುವವರು ಯಾರು ಎಂಬುದನ್ನು ಕೇಳಿ ತಿಳಿಯಿರಿ. ವರ್ಷದ ಕೊನೆಗೆ ಸುಮಾರು ಮುನ್ನೂರು ಮಂದಿ ನಿಮಗೆ ಹೆಸರಿನಿಂದ ಪರಿಚಿತರಾಗಿರುತ್ತಾರೆ. ಸೀಟು ಆರಿಸುವ ಹೊತ್ತಿಗೆ ಅವರನ್ನು ನೆನೆದು, ಪ್ರಾರ್ಥಿಸಿ, ಆ ಮೇಲೆ ಪಟ್ಟಿ ಬರೆಯಿರಿ. ಯಾರೂ ಕೇಳದ ಪ್ರಶ್ನೆಗೆ ನಿಮ್ಮೊಳಗೆ ಒಂದು ಉತ್ತರ ಸಿದ್ಧವಾಗಿರಲಿ. ವೈದ್ಯರ ಪಾಲಕರಾದ ಸಂತ ಲೂಕರು ನಿಮಗಾಗಿ ಪ್ರಾರ್ಥಿಸಲಿ.